ಕೊಳ್ಳುವವರ ಮೂರು ಲೆಕ್ಕಗಳು

ಅಂಗಡಿಗೆ ಹೋಗಿ ಬೇಕಾದುದನ್ನು ಕೊಂಡುತರುವುದು ಎಲ್ಲರಿಗೂ ಬರುವ ಕೆಲಸ. ಅದನ್ನು ಕಲಿಯುವುದಕ್ಕೆ ಶಾಲೆಯೇಕೆ ಎಂದು ಕೇಳುವವರುಂಟು. ಆದರೆ ಮನೆಗೆ ಬರುವ ಹಣವು ನೇರವಾಗಿಯೋ ಸುತ್ತುಬಳಸಿಯೋ ಅಂಗಡಿಯ ಕಡೆಗೇ ಹರಿದುಹೋಗುವುದಷ್ಟೆ. ಗಳಿಸುವ ವಿದ್ಯೆಗೆ ಹತ್ತು ಹನ್ನೆರಡು ವರ್ಷಗಳನ್ನು ಕೊಡುವ ನಾವು, ಗಳಿಸಿದುದನ್ನು ವೆಚ್ಚಮಾಡುವ ವಿದ್ಯೆಗೆ ಹತ್ತು ದಿನಗಳನ್ನಾದರೂ ಕೊಡಬೇಡವೇ? ಈ ವಿಚಾರದಿಂದ ಪ್ರೇರಿತರಾಗಿ ಮೇಲ್ತರಗತಿಯ ವಿದ್ಯಾರ್ಥಿನಿಯರಾದ ನಾವು ಒಂದು ಗುಂಪು ಕಟ್ಟಿಕೊಂಡು, ಕೊಳ್ಳುವಿಕೆಯನ್ನೂ ಅದರೊಡನೆ ಹೆಣೆದುಕೊಂಡಿರುವ ಕೆಲವು ಸಾಮಾಜಿಕ ಪ್ರಶ್ನೆಗಳನ್ನೂ ಅಭ್ಯಾಸಮಾಡಿದೆವು. ಅದರ ಸಾರವನ್ನು ಈ ಶಾಲೆಯಲ್ಲಿ ಕಲಿತುಹೋದ ಅಕ್ಕಂದಿರ ಮುಂದೆಯೂ ನಮ್ಮ ತಾಯ್ತಂದೆಗಳ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕೊಳ್ಳುವುದು ತಪ್ಪಲ್ಲ. ಅಕ್ಕಿ, ಉಪ್ಪು, ಎಣ್ಣೆ, ಬಟ್ಟೆ, ಪುಸ್ತಕ, ಔಷಧ ಇವುಗಳನ್ನು ಕೊಳ್ಳದೆ ಸಂಸಾರವು ನಡೆಯದು. ಕೊಳ್ಳುವವರೇ ಇಲ್ಲದಿದ್ದರೆ ಬೆಳೆಯುವವನಿಗೂ ನೇಯುವವನಿಗೂ ಅನ್ನವಿಲ್ಲ. ಆದರೆ ವಸ್ತುವಿನ ಉಪಯೋಗಕ್ಕಾಗಿ ಅಲ್ಲದೆ ಅದು ತಂದುಕೊಡುವುದೆಂದು ನಂಬಿಸಲ್ಪಟ್ಟ ಅಂತಸ್ತಿಗಾಗಿ ಕೊಳ್ಳುವುದು, ಕೊಂಡುದು ಹಳತಾಗುವ ಮೊದಲೇ ಮತ್ತೊಂದಕ್ಕೆ ಕೈಚಾಚುವುದು, ಕೈಯಲ್ಲಿ ಹಣವಿಲ್ಲದಾಗ ಸಾಲಮಾಡಿಯಾದರೂ ಕೊಳ್ಳುವುದು, ಇವು ಬೇರೆಯೇ ಜಾತಿಗೆ ಸೇರಿದ ನಡತೆಗಳು. ಇದಕ್ಕೆ ಕನ್ನಡದಲ್ಲಿ ಕೊಳ್ಳುಬಾಕತನವೆಂಬ ಹೆಸರು ಬಂದಿದೆ. ಹೊಟ್ಟೆಬಾಕನಿಗೆ ಊಟವು ಹೇಗೋ ಕೊಳ್ಳುಬಾಕನಿಗೆ ಅಂಗಡಿಯು ಹಾಗೆ. ಹಸಿವು ತೀರಿದರೂ ಆಸೆ ತೀರದು. ಅಮೇರಿಕಾ ದೇಶದ ಅರ್ಥಶಾಸ್ತ್ರಜ್ಞರಾದ ಥಾರ್ಸ್ಟೀನ್ ವೆಬ್ಲೆನ್ ಎಂಬವರು ೧೮೯೯ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಜನರು ಅನೇಕ ವಸ್ತುಗಳನ್ನು ಬಳಸುವುದಕ್ಕಿಂತ ಹೆಚ್ಚಾಗಿ ಇತರರಿಗೆ ತೋರಿಸುವುದಕ್ಕಾಗಿ ಕೊಳ್ಳುತ್ತಾರೆಂಬುದನ್ನು ವಿವರಿಸಿದರು. ಅವರು ಬರೆದುದು ಸಿರಿವಂತರನ್ನು ಕುರಿತು. ಇಂದು ಆ ರೋಗವು ಸಿರಿವಂತರ ಬೀದಿಯಲ್ಲಿ ಮಾತ್ರವೇ ನಿಂತಿಲ್ಲ.

೧. ಅಭ್ಯಾಸದ ಕ್ರಮ

ಇಂಥ ವಿಷಯದಲ್ಲಿ ಮೊದಲು ತೀರ್ಪುಕೊಟ್ಟು ಆಮೇಲೆ ಸಾಕ್ಷಿಯನ್ನು ಹುಡುಕುವುದು ಬಹು ಸುಲಭ. ಆದಕಾರಣ ನಾವು ಆರಂಭದಲ್ಲಿಯೇ ನಾಲ್ಕು ನಿಯಮಗಳನ್ನು ಗೊತ್ತುಮಾಡಿಕೊಂಡೆವು. ಒಂದನೆಯದು: ಕಣ್ಣಾರೆ ಕಂಡುದನ್ನು ನೋಟುಪುಸ್ತಕದ ಒಂದು ಪುಟದಲ್ಲಿಯೂ, ನಮಗೆ ತೋರಿದುದನ್ನು ಎದುರು ಪುಟದಲ್ಲಿಯೂ ಬರೆಯತಕ್ಕದ್ದು, ಎರಡನ್ನೂ ಬೆರೆಸತಕ್ಕದ್ದಲ್ಲ. ಎರಡನೆಯದು: ಯಾರ ಮನೆಯ ಆದಾಯವನ್ನೂ ಸಾಲವನ್ನೂ ವಿಚಾರಿಸತಕ್ಕದ್ದಲ್ಲ, ಬಡತನವನ್ನು ಪ್ರಶ್ನೆಪತ್ರಿಕೆಯ ಮುಂದೆ ನಿಲ್ಲಿಸಿ ನಾಚಿಸುವ ಹಕ್ಕು ಯಾವ ಸಂಶೋಧಕರಿಗೂ ಇಲ್ಲ. ಮೂರನೆಯದು: ಕೊಳ್ಳುವವರ ಮಾತನ್ನು ಮಾತ್ರವಲ್ಲ, ಮಾರುವವರ ಮಾತನ್ನೂ ಕೇಳತಕ್ಕದ್ದು. ನಾಲ್ಕನೆಯದು: ಲೆಕ್ಕಹಾಕಿ ತಿಳಿಯಬಹುದಾದುದನ್ನು ವಾದಮಾಡಿ ತಿಳಿಯಲು ಹೋಗತಕ್ಕದ್ದಲ್ಲ.

ಅನಂತರ ಕೆಲಸವನ್ನು ಮೂರು ಭಾಗವಾಗಿ ಹಂಚಿಕೊಂಡೆವು. ಕೆಲವರು ದಿನಸಿ ಅಂಗಡಿಯ ಪೊಟ್ಟಣಗಳನ್ನೂ, ಕೆಲವರು ಜಾಹೀರಾತುಗಳನ್ನೂ, ಉಳಿದವರು ಉಡುವ ಬಟ್ಟೆಯನ್ನೂ ಎಸೆಯುವ ಕಸವನ್ನೂ ಪರೀಕ್ಷಿಸಿದರು. ಮೂರು ಪುಸ್ತಕಗಳನ್ನೂ ಒಟ್ಟಿಗಿಟ್ಟು ನೋಡಿದಾಗ ಒಂದು ಸಂಗತಿಯು ತಾನಾಗಿಯೇ ಎದ್ದುಕಂಡಿತು. ಪೊಟ್ಟಣದ ಮೇಲೆ ಅಚ್ಚಾಗಿರುವ ಬೆಲೆಯು ವಸ್ತುವಿನ ಪೂರ್ಣ ಲೆಕ್ಕವಲ್ಲ. ಅದು ಮೂರು ಲೆಕ್ಕಗಳಲ್ಲಿ ಒಂದು ಮಾತ್ರ. ಕೈಚೀಲದ ಲೆಕ್ಕವೊಂದು, ಮನಸ್ಸಿನ ಲೆಕ್ಕವೊಂದು, ನಮ್ಮ ಕಣ್ಣಿಗೆ ಬೀಳದವರ ಲೆಕ್ಕವೊಂದು. ಇವುಗಳನ್ನು ಕ್ರಮವಾಗಿ ವಿಚಾರಿಸೋಣ.

೨. ಕೈಚೀಲದ ಲೆಕ್ಕ

ನಮ್ಮ ಅಜ್ಜಿಯರ ಕಾಲದಲ್ಲಿ ಅಂಗಡಿಯವನು ಸೇರು ಪಾವುಗಳಲ್ಲಿ ಅಳೆದೋ ತಕ್ಕಡಿಯಲ್ಲಿ ತೂಗಿಯೋ ಜಿನಸನ್ನು ಕೊಡುತ್ತಿದ್ದನು. ಕಾಳು ಹಳತೋ ಹೊಸತೋ, ತೂಕವು ಸರಿಯೋ ತಪ್ಪೋ ಎಂಬುದು ಕೊಳ್ಳುವವರ ಕಣ್ಣೆದುರಿಗೇ ಇರುತ್ತಿತ್ತು. ಈಗ ವಸ್ತುವು ಕಾರ್ಖಾನೆಯಿಂದಲೇ ಬಾಯಿ ಕಟ್ಟಿಕೊಂಡು ಬರುತ್ತದೆ. ಮುಚ್ಚಿದ ಪೊಟ್ಟಣಕ್ಕೆ ಬಾಯಿ ಕೊಡುವುದಕ್ಕಾಗಿಯೇ ಕಾನೂನು ಬರಬೇಕಾಯಿತು. ೨೦೦೯ರ ಕಾನೂನು ಮಾಪನ ಶಾಸನದ ಕೆಳಗೆ ೨೦೧೧ರಲ್ಲಿ ಜಾರಿಗೆ ಬಂದ ಪೊಟ್ಟಣ ಸರಕುಗಳ ನಿಯಮಾವಳಿಯಂತೆ, ತಯಾರಕರ ಹೆಸರು ಮತ್ತು ವಿಳಾಸ, ಒಳಗಿರುವ ಸರಕಿನ ನಿವ್ವಳ ಪ್ರಮಾಣ, ತಯಾರಾದ ತಿಂಗಳು ಮತ್ತು ವರ್ಷ, ತೆರಿಗೆಗಳೆಲ್ಲ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರು ಹೇಳಿಕೊಳ್ಳಬೇಕಾದ ವಿಳಾಸ ಇವು ಪೊಟ್ಟಣದ ಮೇಲೆ ಇರಲೇಬೇಕು. ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚು ಕೇಳುವ ಅಧಿಕಾರವು ಯಾವ ವರ್ತಕನಿಗೂ ಇಲ್ಲ. ಕಡಿಮೆಗೆ ಕೊಡುವ ಸ್ವಾತಂತ್ರ್ಯವು ಮಾತ್ರ ಅವನಿಗುಂಟು.

ಇಷ್ಟಿದ್ದರೂ ಒಂದು ಸೂಕ್ಷ್ಮವು ಕಣ್ಣು ತಪ್ಪಿಸುತ್ತದೆ. ಐದು ರೂಪಾಯಿ, ಹತ್ತು ರೂಪಾಯಿ ಎಂಬ ಬೆಲೆಗಳು ಜನರ ಬಾಯಲ್ಲಿ ನೆಲೆಯಾಗಿ ನಿಂತಿರುವುದರಿಂದ, ಖರ್ಚು ಹೆಚ್ಚಿದಾಗ ತಯಾರಕರು ಬೆಲೆಯನ್ನು ಮುಟ್ಟದೆ ಒಳಗಿನ ತೂಕವನ್ನು ತಗ್ಗಿಸುವುದುಂಟು. ಉದಾಹರಣೆಗೆ, ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣವೊಂದು ೧೦೦ ಗ್ರಾಮಿನಿಂದ ೮೦ ಗ್ರಾಮಿಗೆ ಇಳಿಯಿತೆಂದು ಎಣಿಸೋಣ. ತೂಕವು ಕಡಮೆಯಾದುದು ನೂರಕ್ಕೆ ೨೦. ಆದರೆ ಬೆಲೆಯು ಏರಿದುದೂ ನೂರಕ್ಕೆ ೨೦ ಎನ್ನುವವರು ಲೆಕ್ಕದಲ್ಲಿ ಎಡವಿದಂತಾಯಿತು. ಮೊದಲು ಗ್ರಾಮಿಗೆ ಹತ್ತು ಪೈಸೆ, ಈಗ ಹನ್ನೆರಡೂವರೆ ಪೈಸೆ. ಅಂದರೆ ನೂರಕ್ಕೆ ೨೫ ಏರಿತು. ಹೊದಿಕೆಯ ಬಣ್ಣವೂ ಚಿತ್ರವೂ ಹಾಗೆಯೇ ಇರುವುದರಿಂದ ಈ ಏರಿಕೆಗೆ ಸದ್ದಿಲ್ಲ. ಮೊದಲು ಚಹ, ಬಿಸ್ಕತ್ತು ಮುಂತಾದ ಕೆಲವು ಸರಕುಗಳನ್ನು ಗೊತ್ತಾದ ತೂಕಗಳಲ್ಲಿಯೇ ಕಟ್ಟಬೇಕೆಂಬ ವಿಧಿಯಿತ್ತು. ೨೦೨೧ರ ತಿದ್ದುಪಡಿಯು ಆ ಪಟ್ಟಿಯನ್ನು ತೆಗೆದುಹಾಕಿ, ಗ್ರಾಮಿಗೆ, ಕಿಲೋಗ್ರಾಮಿಗೆ ಅಥವಾ ಲೀಟರಿಗೆ ಇಷ್ಟು ಎಂಬ ಏಕಮಾನ ಬೆಲೆಯನ್ನು ಅಚ್ಚುಹಾಕಬೇಕೆಂದು ವಿಧಿಸಿತು. ಅನಂತರ ಅದು ಆಚರಣೆಗೆ ಬಂದಿತು. ಆ ಸಣ್ಣ ಅಕ್ಷರಗಳ ಸಾಲನ್ನು ಓದುವ ಅಭ್ಯಾಸವೊಂದಿದ್ದರೆ, ಎರಡು ಪೊಟ್ಟಣಗಳಲ್ಲಿ ಯಾವುದು ಅಗ್ಗವೆಂಬುದನ್ನು ಏಳನೆಯ ತರಗತಿಯ ಹುಡುಗಿಯೂ ಹೇಳಬಲ್ಲಳು.

ಈಗ ಅಂಗಡಿಯ ಬಾಗಿಲಲ್ಲಿ ಮಾಲೆ ಮಾಲೆಯಾಗಿ ತೂಗಾಡುವ ಚಿಕ್ಕ ಪೊಟ್ಟಣಗಳ ಕಡೆಗೆ ಬರೋಣ. ತಮಿಳುನಾಡಿನ ಕಡಲೂರಿನ ಚಿನ್ನಿಕೃಷ್ಣನ್ ಎಂಬ ಉದ್ಯಮಿಯು ಇಂಥ ಪೊಟ್ಟಣಗಳಲ್ಲಿ ಸರಕನ್ನು ತುಂಬಿ ಮಾರುವುದನ್ನು ಮೊದಲಿಗೆ ರೂಢಿಗೆ ತಂದವರಲ್ಲಿ ಒಬ್ಬರು. ಸೀಸೆಯನ್ನು ಕೊಳ್ಳಲಾರದವರೂ ಕೊಳ್ಳುವಂತಾಗಬೇಕೆಂಬುದು ಅವರ ಆಲೋಚನೆ. ಅವರ ಮಗ ರಂಗನಾಥನ್ ಅವರು ೧೯೮೩ರಲ್ಲಿ ಆರಂಭಿಸಿದ ‘ಚಿಕ್’ ಶಾಂಪೂ ಇದೇ ಮಾರ್ಗದಿಂದ ಹಳ್ಳಿ ಹಳ್ಳಿಗೂ ಹಬ್ಬಿತು. ಸೀಗೆಕಾಯಿ, ಕಡಲೆಹಿಟ್ಟುಗಳ ಜಾಗವನ್ನು ಪೊಟ್ಟಣವು ಆಕ್ರಮಿಸಿದ ಕಥೆಯಿದು.

ಬಡವರು ಚಿಕ್ಕ ಪೊಟ್ಟಣ ಕೊಂಡು ದುಡ್ಡು ಹಾಳುಮಾಡುತ್ತಾರೆ, ಒಟ್ಟಿಗೆ ಕೊಂಡರೆ ಅಗ್ಗವಲ್ಲವೇ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ನಮ್ಮ ನಾಲ್ಕನೆಯ ನಿಯಮದಂತೆ ಅದನ್ನು ಲೆಕ್ಕಕ್ಕೆ ಹಚ್ಚಿದಾಗ ಎರಡು ಉತ್ತರಗಳು ದೊರೆತವು. ಅನೇಕ ಸರಕುಗಳಲ್ಲಿ ದೊಡ್ಡ ಪೊಟ್ಟಣವೇ ಅಗ್ಗವೆಂಬುದು ನಿಜ. ಆದರೆ ಶಾಂಪೂವಿನಂಥ ಕೆಲವು ವಸ್ತುಗಳಲ್ಲಿ ಒಂದೆರಡು ರೂಪಾಯಿಯ ಪೊಟ್ಟಣದ ಸರಕೇ ಸೀಸೆಯ ಸರಕಿಗಿಂತ ಮಿಲಿಲೀಟರಿಗೆ ಅಗ್ಗವಾಗಿರುವುದುಂಟು. ಆ ಬೆಲೆಯ ಮಟ್ಟದಲ್ಲಿ ಕಂಪೆನಿಗಳ ಪೈಪೋಟಿಯು ಅತಿ ತೀವ್ರವಾದುದು, ಸೀಸೆಗೂ ಅದರ ಮುಚ್ಚಳಕ್ಕೂ ತಗಲುವ ವೆಚ್ಚವೂ ಅಲ್ಲಿಲ್ಲ. ಮೇಲಾಗಿ, ದಿನಗೂಲಿಯ ಕೈಗೆ ಹಣವು ದಿನದಿನವೇ ಬರುವುದು, ದಿನದಿನವೇ ಹೋಗುವುದು. ತಿಂಗಳ ಮೊದಲನೆಯ ದಿನ ಸಂಬಳವಾಗುವ ಮನೆಯ ಬುದ್ಧಿವಾದವನ್ನು, ಸಂಜೆ ಕೂಲಿ ಸಿಕ್ಕಿದ ಮೇಲೆ ಒಲೆಹೊತ್ತಿಸುವ ಮನೆಗೆ ಹೇಳುವುದು ನ್ಯಾಯವಲ್ಲ. ಆ ತಾಯಿಯು ಲೆಕ್ಕ ತಿಳಿಯದವಳಲ್ಲ. ಆಕೆಯ ಲೆಕ್ಕವು ನಮ್ಮದಕ್ಕಿಂತ ಬಿಗಿಯಾದುದು. ವಿಷಾದವೇನೆಂದರೆ, ಹತ್ತು ಗ್ರಾಮು ಅಥವಾ ಹತ್ತು ಮಿಲಿಲೀಟರನ್ನು ಮೀರದ ಪೊಟ್ಟಣಗಳಿಗೆ ಮೇಲ್ಕಂಡ ನಿಯಮಾವಳಿಯಿಂದ ಸಾಮಾನ್ಯವಾಗಿ ವಿನಾಯಿತಿಯಿದೆ. ಲೆಕ್ಕದ ನೆರವು ಯಾರಿಗೆ ಹೆಚ್ಚು ಬೇಕೋ ಅವರ ಕೈಯ ಪೊಟ್ಟಣವೇ ಕಾನೂನಿನ ಜಾಲರಿಯ ಕಣ್ಣಿನಿಂದ ನುಸುಳಿಹೋಗುತ್ತದೆ.

ಅನುಕೂಲವುಳ್ಳ ಮನೆಗಳಿಗೂ ಒಂದು ಬಲೆಯುಂಟು. ಅದರ ಹೆಸರು ಬಡ್ಡಿಯಿಲ್ಲದ ಕಂತು. ಸಾಲವೆಂದರೆ ಬಡ್ಡಿಯೆಂಬುದು ನಮ್ಮ ಹಿರಿಯರಿಗೆ ತಿಳಿದಿದ್ದ ಸಂಗತಿ. ಭಾರತೀಯ ರಿಜರ್ವ್ ಬ್ಯಾಂಕು ೨೦೧೩ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಕಳುಹಿಸಿದ ಸುತ್ತೋಲೆಯಲ್ಲಿ, ಸೊನ್ನೆ ಬಡ್ಡಿಯೆಂಬುದೇ ಇಲ್ಲವೆಂದು ಸ್ಪಷ್ಟವಾಗಿ ತಿಳಿಸಿತು. ಬಡ್ಡಿಯು ಸಂಸ್ಕರಣ ಶುಲ್ಕದಲ್ಲಿಯೋ, ರೊಕ್ಕಕೊಟ್ಟು ಕೊಂಡವರಿಗೆ ಸಿಗಬಹುದಾಗಿದ್ದ ರಿಯಾಯಿತಿಯಲ್ಲಿಯೋ ಅಡಗಿರುತ್ತದೆ. ಹಾಸಿಗೆಯಿದ್ದಷ್ಟು ಕಾಲುಚಾಚಬೇಕೆಂಬ ಗಾದೆಯನ್ನು ಬಲ್ಲವರಿಗೆ, ಹಾಸಿಗೆಯನ್ನೇ ಕಂತಿನಲ್ಲಿ ಕೊಡುತ್ತೇವೆ, ಕಾಲು ಚಾಚಿರಿ ಎಂದು ಅಂಗಡಿಯು ಹೇಳುತ್ತಲಿದೆ!

೩. ಮನಸ್ಸಿನ ಲೆಕ್ಕ

ಹಸಿವು ಹೊಟ್ಟೆಯಲ್ಲಿ ಹುಟ್ಟುವುದು. ಬಯಕೆಯನ್ನಾದರೋ ಹೊರಗಿನಿಂದಲೂ ಹುಟ್ಟಿಸಬಹುದು. ವಸ್ತುವೊಂದು ಇದೆಯೆಂದು ತಿಳಿಸುವುದು ಜಾಹೀರಾತಿನ ಯೋಗ್ಯವಾದ ಕೆಲಸ. ಆದರೆ ನಿನ್ನಲ್ಲಿ ಏನೋ ಕೊರತೆಯಿದೆ, ಅದನ್ನು ತುಂಬುವುದು ಈ ವಸ್ತು ಮಾತ್ರ ಎಂದು ಹೇಳತೊಡಗಿದಾಗ ಅದು ಸರಕಿನ ಜೊತೆಗೆ ಕೀಳರಿಮೆಯನ್ನೂ ಮಾರುತ್ತದೆ. ಇದಕ್ಕೆ ಹೆಣ್ಣುಮಕ್ಕಳಾದ ನಮಗೆ ಹತ್ತಿರದ ಉದಾಹರಣೆಯೆಂದರೆ ಮೈಬಣ್ಣವನ್ನು ಬಿಳುಪಾಗಿಸುವ ಲೇಪಗಳು.

ಭಾರತದಲ್ಲಿ ‘ಫೇರ್ ಅಂಡ್ ಲವ್ಲಿ’ ಎಂಬ ಲೇಪವು ೧೯೭೫ರಲ್ಲಿ ಮಾರುಕಟ್ಟೆಗೆ ಬಂದಿತು. ಅಂದಿನಿಂದ ದಶಕಗಳ ಕಾಲ ಇಂಥ ಲೇಪಗಳ ಜಾಹೀರಾತುಗಳಲ್ಲಿ ಒಂದೇ ಕಥೆಯು ನಾನಾ ವೇಷಗಳಲ್ಲಿ ಬಂದಿತು: ಕಪ್ಪಗಿರುವ ಹುಡುಗಿಗೆ ಕೆಲಸವಿಲ್ಲ, ವರನಿಲ್ಲ, ಧೈರ್ಯವಿಲ್ಲ, ಲೇಪವನ್ನು ಹಚ್ಚಿದೊಡನೆ ಎಲ್ಲವೂ ಉಂಟು. ಜಾಹೀರಾತುದಾರರ ಸಂಸ್ಥೆಯೇ ಆದ ಭಾರತೀಯ ಜಾಹೀರಾತು ಮಾನದಂಡ ಮಂಡಲಿಯು ೨೦೧೪ರಲ್ಲಿ, ಮೈಬಣ್ಣದ ಕಾರಣದಿಂದ ಯಾರನ್ನೂ ಕೀಳಾಗಿ ಚಿತ್ರಿಸಬಾರದೆಂಬ ಮಾರ್ಗಸೂಚಿಯನ್ನು ಹೊರಡಿಸಿತು. ೨೦೨೦ರಲ್ಲಿ ಆ ಲೇಪದ ಹೆಸರಿನಿಂದ ಬಿಳುಪೆಂಬರ್ಥದ ಪದವು ಹೋಗಿ ‘ಗ್ಲೋ ಅಂಡ್ ಲವ್ಲಿ’ ಎಂದಾಯಿತು. ಹೆಸರು ಬದಲಾಯಿತು, ಆದರೆ ವಧೂವರರ ಜಾಹೀರಾತುಗಳಲ್ಲಿ ಕನ್ಯೆಯ ಬಣ್ಣವನ್ನು ನಮೂದಿಸುವ ಪದ್ಧತಿಯು ನಿಂತಿತೇ? ಕೂಸನ್ನು ನೋಡಲು ಬಂದವರು ಮೊದಲು ಅದರ ಬಣ್ಣವನ್ನು ಮಾತಾಡುವುದು ನಿಂತಿತೇ? ಜಾಹೀರಾತು ಬೀಜವನ್ನು ಬಿತ್ತಬಹುದು. ನೆಲವನ್ನು ಹದಮಾಡಿಕೊಟ್ಟವರು ನಾವೇ. ಮೈಬಣ್ಣದ ಮಾತನ್ನು ಮನೆಯೊಳಗೆ ನಿಲ್ಲಿಸಿದ ತಾಯ್ತಂದೆಗಳು ಮಗಳಿಗೆ ಮಾಡುವ ಉಪಕಾರವು, ಎಷ್ಟು ಲೇಪಗಳನ್ನು ಕೊಂಡುಕೊಟ್ಟರೂ ಆಗದಷ್ಟು ದೊಡ್ಡದು.

ಇದು ಮನಸ್ಸಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಬೇಗನೆ ಬಿಳುಪಾಗಿಸುತ್ತೇವೆಂದು ಹೇಳುವ ಕೆಲವು ಲೇಪಗಳಲ್ಲಿ ಪಾದರಸವಿರುವುದು ಪರೀಕ್ಷೆಗಳಿಂದ ಗೊತ್ತಾಗಿದೆ. ಪಾದರಸವು ಚರ್ಮದ ಮೂಲಕ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಬಂದ ಹಲವರು ಇಂಥ ಲೇಪಗಳನ್ನು ಬಳಸಿದ್ದರೆಂಬುದನ್ನು ಅಲ್ಲಿಯ ವೈದ್ಯರು ೨೦೨೩ರಲ್ಲಿ ಬಯಲಿಗೆ ತಂದರು. ತಯಾರಕರ ವಿಳಾಸವಿಲ್ಲದ, ತಯಾರಿಕೆಯ ಪರವಾನಗಿಯ ಸಂಖ್ಯೆಯಿಲ್ಲದ ಲೇಪವನ್ನು ಎಷ್ಟೇ ಹೊಗಳಿಕೆ ಕೇಳಿದರೂ ಮುಟ್ಟದಿರುವುದೇ ವಿವೇಕ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಗೆ ಇದಕ್ಕಿಂತ ಕಠೋರವಾದ ವ್ಯಾಖ್ಯಾನವು ಬೇಕಾಗಿಲ್ಲ.

ಇಂದು ಅಂಗಡಿಯು ಬೀದಿಯನ್ನು ಬಿಟ್ಟು ಮೊಬೈಲ್ ಫೋನಿನೊಳಗೆ ಸೇರಿರುವುದರಿಂದ ಮನಸ್ಸನ್ನು ಸೆಳೆಯುವ ಉಪಾಯಗಳೂ ಹೊಸದಾಗಿವೆ. ಹತ್ತೇ ನಿಮಿಷ ಉಳಿದಿದೆಯೆಂದು ಸುಳ್ಳು ಗಡಿಯಾರವನ್ನು ಓಡಿಸಿ ಅವಸರಪಡಿಸುವುದು. ನಾವು ಆರಿಸದ ವಸ್ತುವನ್ನು ಬುಟ್ಟಿಗೆ ಸದ್ದಿಲ್ಲದೆ ಸೇರಿಸುವುದು. ಬೆಲೆಯನ್ನು ಮೊದಲು ಕಡಮೆ ತೋರಿಸಿ ಹಣಕೊಡುವ ಹೊತ್ತಿಗೆ ಒಂದೊಂದೇ ಶುಲ್ಕವನ್ನು ಕೂಡಿಸುವುದು. ಬೇಡವೆಂದವರನ್ನು ಉಳಿತಾಯವು ಬೇಡವೇ ಎಂದು ನಾಚಿಸುವುದು. ಚಂದಾದಾರರಾಗಲು ಒಂದೇ ಒತ್ತು, ಬಿಡಲು ಹತ್ತು ಬಾಗಿಲು ಇಡುವುದು. ಇವುಗಳನ್ನು ಸೇರಿಸಿ ಇಂಥ ಹದಿಮೂರು ಕುಯುಕ್ತಿಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೩ರ ನವೆಂಬರ್ ೩೦ರಂದು ಹೆಸರಿಟ್ಟು ನಿಷೇಧಿಸಿತು. ತಪ್ಪುದಾರಿಗೆಳೆಯುವ ಜಾಹೀರಾತಿಗೆ ಈ ಪ್ರಾಧಿಕಾರವು ಹತ್ತು ಲಕ್ಷ ರೂಪಾಯಿಗಳವರೆಗೂ, ಮತ್ತೆ ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೂ ದಂಡವನ್ನು ವಿಧಿಸಬಹುದು. ತಾವು ವಿಚಾರಿಸಿ ನೋಡದೆ ಅದರಲ್ಲಿ ಕಾಣಿಸಿಕೊಂಡು ಹೊಗಳುವ ಪ್ರಸಿದ್ಧರಿಗೂ ಶಿಕ್ಷೆಯುಂಟು. ಕುಯುಕ್ತಿಗೆ ಹೆಸರು ದೊರೆತರೆ ಅದರ ಅರ್ಧ ಬಲವು ಹೋದಂತೆಯೇ. ಕಿರಿಯರಿಗೆ ಈ ಹೆಸರುಗಳನ್ನು ಕಲಿಸುವುದು, ಪರಿಚಯವಿಲ್ಲದವರೊಡನೆ ಮಾತಾಡಬೇಡವೆಂದು ಕಲಿಸುವಷ್ಟೇ ಈಗ ಅಗತ್ಯವಾಗಿದೆ.

೪. ಕಾಣದವರ ಲೆಕ್ಕ

ಮೂರನೆಯ ಲೆಕ್ಕವು ಎಲ್ಲಕ್ಕಿಂತ ಕಠಿಣವಾದುದು. ಏಕೆಂದರೆ ಅದು ಯಾವ ಪೊಟ್ಟಣದ ಮೇಲೆಯೂ ಅಚ್ಚಾಗಿಲ್ಲ. ವಸ್ತುವು ನಮ್ಮ ಕೈಗೆ ಬರುವ ಮೊದಲು ಯಾರ ಕೈಯಲ್ಲಿತ್ತು, ನಮ್ಮ ಕೈಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದೇ ಆ ಲೆಕ್ಕ.

ಮೊದಲು ಬಟ್ಟೆಯನ್ನು ತೆಗೆದುಕೊಳ್ಳೋಣ. ಹತ್ತಿಯ ಒಂದು ಅಂಗಿಗೆ, ಹತ್ತಿಯನ್ನು ಬೆಳೆಯುವುದರಿಂದ ಹಿಡಿದು ಬಣ್ಣಹಾಕುವವರೆಗೆ, ಸುಮಾರು ೨,೭೦೦ ಲೀಟರು ನೀರು ವೆಚ್ಚವಾಗುವುದೆಂದು ಅಂದಾಜುಮಾಡಲಾಗಿದೆ. ಅದನ್ನು ಹೊಲಿಯುವ ಕೈಗಳು ಬಹುಮಟ್ಟಿಗೆ ಹೆಂಗಸರವು. ನಮ್ಮ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿಯೂ ಹೆಚ್ಚಿನವರು ಹೆಂಗಸರೇ. ೨೦೧೬ರಲ್ಲಿ ಭವಿಷ್ಯನಿಧಿಯ ನಿಯಮವನ್ನು ಬದಲಾಯಿಸಿ, ಮಾಲೀಕರು ಕಟ್ಟಿದ ಪಾಲನ್ನು ೫೮ ವರ್ಷ ತುಂಬುವವರೆಗೆ ತೆಗೆಯಕೂಡದೆಂದು ವಿಧಿಸಿದಾಗ, ಅವರು ಏಪ್ರಿಲ್ ೧೮ ಮತ್ತು ೧೯ರಂದು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಮಕ್ಕಳ ಶುಲ್ಕಕ್ಕೂ ಕಾಯಿಲೆಗೂ ಮನೆಗೂ ಅವರು ನೆಚ್ಚಿಕೊಂಡಿದ್ದ ಹಣವದು. ಕೇಂದ್ರ ಸರ್ಕಾರವು ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ಅಂಗಿಯ ಹೊಲಿಗೆಯ ಹಿಂದೆ ಇಷ್ಟು ಕಷ್ಟವೂ ಇಷ್ಟು ಧೈರ್ಯವೂ ಇದೆಯೆಂಬುದನ್ನು ಅಂಗಡಿಯ ದೀಪಗಳು ತೋರಿಸುವುದಿಲ್ಲ.

ಬಟ್ಟೆಯ ಬೆಲೆಯನ್ನು ತಗ್ಗಿಸಬೇಕೆಂಬ ಪೈಪೋಟಿಯು ದೇಶದೇಶಗಳ ನಡುವೆ ನಡೆಯುತ್ತಿರುವುದರಿಂದ ಈ ಲೆಕ್ಕವು ನಮ್ಮ ಗಡಿಯಲ್ಲಿ ನಿಲ್ಲುವುದಿಲ್ಲ. ನೆರೆಯ ಬಾಂಗ್ಲಾದೇಶದ ಢಾಕಾ ನಗರದ ಬಳಿಯ ಸಾವರ್ ಎಂಬಲ್ಲಿ, ಐದು ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತುಗಳ ಕಟ್ಟಡವು ೨೦೧೩ರ ಏಪ್ರಿಲ್ ೨೪ರಂದು ಕುಸಿದುಬಿದ್ದು ೧,೧೩೪ ಮಂದಿ ಪ್ರಾಣಬಿಟ್ಟರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕುಗಳು ಕಂಡಿದ್ದವು. ಕೆಳಗಿನ ಬ್ಯಾಂಕು ಮತ್ತು ಅಂಗಡಿಗಳನ್ನು ಮುಚ್ಚಿದರು. ಹೊಲಿಯುವವರನ್ನು ಮಾತ್ರ ಮರುದಿನವೂ ಕೆಲಸಕ್ಕೆ ಕರೆದರು. ಅಲ್ಲಿ ಹೊಲಿದ ಬಟ್ಟೆಗಳು ಐರೋಪ್ಯ ಮತ್ತು ಅಮೇರಿಕಾ ದೇಶಗಳ ಅಂಗಡಿಗಳಿಗಾಗಿ ಇದ್ದವು. ಅಗ್ಗದ ಅಂಗಿಯನ್ನು ಕೊಂಡವರು ಕೊಲೆಗಾರರೆಂದು ಹೇಳುವುದು ಅತಿರೇಕವಾಗುವುದು. ಆದರೆ ಅಂಗಿಯು ಅಷ್ಟು ಅಗ್ಗವಾದುದು ಹೇಗೆಂದು ಒಬ್ಬರೂ ಕೇಳದಿದ್ದರೆ, ಆ ಬೆಲೆಯ ಉಳಿದ ಭಾಗವನ್ನು ಬೇರೆ ಯಾರೋ ತೆರುತ್ತಾರೆಂಬುದು ಮಾತ್ರ ದಿಟ.

ಇನ್ನು ಎಸೆಯುವುದರ ಲೆಕ್ಕ. ಮೊದಲನೆಯ ಲೆಕ್ಕದಲ್ಲಿ ಅಗ್ಗವಾಗಿ ಕಂಡ ಚಿಕ್ಕ ಶಾಂಪೂ ಪೊಟ್ಟಣವನ್ನು ಈಗ ಮತ್ತೆ ಕೈಗೆತ್ತಿಕೊಳ್ಳಬೇಕು. ಇಂಥ ಪೊಟ್ಟಣಗಳ ಹೊದಿಕೆಯು ನೋಡಲು ಒಂದೇ ಹಾಳೆ. ವಾಸ್ತವವಾಗಿ ಬೇರೆ ಬೇರೆ ಬಗೆಯ ಪ್ಲಾಸ್ಟಿಕ್ಕಿನ, ಹಲವುವೇಳೆ ಅಲ್ಯೂಮಿನಿಯಮ್ಮಿನ, ಪದರಗಳನ್ನು ಒಂದಕ್ಕೊಂದು ಅಂಟಿಸಿದುದು. ಆ ಪದರಗಳನ್ನು ಬಿಡಿಸುವುದು ದುಸ್ತರವಾದುದರಿಂದ ಅದನ್ನು ಕರಗಿಸಿ ಮರಳಿ ಬಳಸುವುದು ಸುಲಭವಲ್ಲ. ಚಿಂದಿ ಆಯುವವರು ಸೀಸೆಯನ್ನು ಎತ್ತಿಕೊಳ್ಳುವರು. ಗುಜರಿ ಅಂಗಡಿಯಲ್ಲಿ ಅದಕ್ಕೆ ಬೆಲೆಯುಂಟು. ಪೊಟ್ಟಣವನ್ನು ಅವರು ಎತ್ತುವುದಿಲ್ಲ. ಒಂದು ಕಿಲೋಗ್ರಾಮಾಗಬೇಕಾದರೆ ಅಂಥವು ಸಾವಿರಗಟ್ಟಲೆ ಬೇಕು, ಬೇಕೆಂದರೂ ಕೊಳ್ಳುವವರಿಲ್ಲ. ಆದಕಾರಣ ಅದು ಚರಂಡಿಗೆ ಇಳಿದು, ಮಳೆಗಾಲದಲ್ಲಿ ನೀರನ್ನು ಕಟ್ಟಿ, ತಗ್ಗಿನಲ್ಲಿರುವ ಮನೆಗಳ ಬಾಗಿಲಿಗೆ ಹೋಗುತ್ತದೆ. ಆ ತಗ್ಗಿನ ಮನೆಗಳಲ್ಲಿರುವವರು ಬಹುತೇಕ ಅದೇ ಬಡವರು. ಒಂದು ರೂಪಾಯಿಗೆ ದೊರೆತುದರ ಉಳಿದ ಬೆಲೆಯನ್ನು ಅವರು ಹೀಗೆ ತೆರುತ್ತಾರೆ.

ಇದಕ್ಕೆ ಹೊಣೆ ಯಾರು? ೨೦೧೬ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗುಟ್ಕಾ, ತಂಬಾಕು, ಪಾನ್ ಮಸಾಲೆಗಳನ್ನು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಮಾರಬಾರದೆಂದು ವಿಧಿಸಿದವು. ೨೦೨೨ರಲ್ಲಿ ಬಂದ ಮಾರ್ಗಸೂಚಿಯು ಪೊಟ್ಟಣಗಳನ್ನು ಹೊರತರುವ ಕಂಪೆನಿಗಳೇ ಆ ಕಸಕ್ಕೆ ಹೊಣೆಯಾಗಬೇಕೆಂದು ಪ್ರಮಾಣಗಳನ್ನು ಗೊತ್ತುಪಡಿಸಿತು. ಅದೇ ವರ್ಷದ ಜುಲೈ ೧ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಹೀರುಕೊಳವೆ ಮುಂತಾದ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳು ದೇಶದಲ್ಲೆಲ್ಲ ನಿಷೇಧಿಸಲ್ಪಟ್ಟವು. ಶಾಂಪೂ ಪೊಟ್ಟಣವು ಆ ಪಟ್ಟಿಯಲ್ಲಿ ಇರಲಿಲ್ಲ. ಎಸೆಯುವ ಕೈಯನ್ನು ಮಾತ್ರ ಬಯ್ಯುವುದರಿಂದ ಚರಂಡಿಯು ತೆರೆಯದು. ಎಸೆಯುವುದಲ್ಲದೆ ಬೇರೆ ದಾರಿಯಿಲ್ಲದಂತೆ ವಸ್ತುವನ್ನು ರೂಪಿಸಿದವರನ್ನೂ ಕೇಳಬೇಕು.

೫. ಒಬ್ಬರಿಂದಾಗದ ಕೆಲಸ

ಇಷ್ಟನ್ನು ಓದಿದವರಿಗೆ, ಇಷ್ಟೆಲ್ಲ ಯೋಚಿಸಿ ಉಪ್ಪು ಕೊಳ್ಳುವುದು ಸಾಧ್ಯವೇ ಎಂದು ತೋರಬಹುದು. ಆ ಶಂಕೆಯು ನ್ಯಾಯವಾದುದೇ. ಒಬ್ಬ ಕೊಳ್ಳುವವಳು ಒಂದು ದೊಡ್ಡ ಕಂಪೆನಿಯ ಮುಂದೆ ಬಲಹೀನಳು. ಆದರೆ ಕೊಳ್ಳುವವರು ಒಟ್ಟುಗೂಡಿದಾಗ ಏನಾಯಿತೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳುಂಟು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ೧೮೪೪ರಲ್ಲಿ ಇಪ್ಪತ್ತೆಂಟು ಮಂದಿ, ಅವರಲ್ಲಿ ಅನೇಕರು ನೇಕಾರರು, ತಮ್ಮ ಅಲ್ಪ ಹಣವನ್ನು ಕೂಡಿಸಿ ಒಂದು ಅಂಗಡಿಯನ್ನು ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದ ಬತ್ತಿ ಇಷ್ಟೇ ಅವರ ಸರಕು. ಕಲಬೆರಕೆಯಿಲ್ಲದ ವಸ್ತು, ಸರಿಯಾದ ತೂಕ, ಕೊಂಡವರಿಗೇ ಲಾಭದ ಪಾಲು ಎಂಬುದು ಅವರ ಧರ್ಮ. ಲೋಕದ ಸಹಕಾರ ಚಳವಳಿಗೆ ಆ ಪುಟ್ಟ ಅಂಗಡಿಯು ಮಾದರಿಯಾಯಿತು. ನಮ್ಮ ನಾಡಿನಲ್ಲಿಯೂ ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಹುಟ್ಟಿ, ರೈತರು ಸಾಲಕ್ಕಾಗಿ ಪರರ ಬಾಗಿಲು ಕಾಯುವುದನ್ನು ತಪ್ಪಿಸಲು ದಾರಿಮಾಡಿತು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಕಾನೂನೂ ಕೊಳ್ಳುವವರ ಕೈಗೆ ಒಂದು ಊರುಗೋಲನ್ನು ಕೊಟ್ಟಿದೆ. ೧೯೮೬ರ ಡಿಸೆಂಬರ್ ೨೪ರಂದು ಗ್ರಾಹಕರ ಸಂರಕ್ಷಣಾ ಶಾಸನಕ್ಕೆ ಅಂಕಿತ ಬಿದ್ದಿತು. ಆದುದರಿಂದಲೇ ಆ ದಿನವನ್ನು ರಾಷ್ಟ್ರೀಯ ಗ್ರಾಹಕರ ದಿನವಾಗಿ ಆಚರಿಸುವರು. ಅದರ ಬದಲಿಗೆ ಬಂದ ೨೦೧೯ರ ಶಾಸನವು ೨೦೨೦ರ ಜುಲೈ ತಿಂಗಳಲ್ಲಿ ಆಚರಣೆಗೆ ಬಂದಿತು. ಅಪಾಯಕಾರಿ ಸರಕಿನಿಂದ ರಕ್ಷಣೆ, ಸರಕಿನ ಗುಣ ಪ್ರಮಾಣ ಬೆಲೆಗಳ ತಿಳಿವಳಿಕೆ, ಆಯ್ಕೆಯ ಅವಕಾಶ, ನಮ್ಮ ಮಾತನ್ನು ಕೇಳಿಸುವುದು, ಅನ್ಯಾಯಕ್ಕೆ ಪರಿಹಾರ, ಗ್ರಾಹಕ ಶಿಕ್ಷಣ ಎಂಬ ಆರು ಹಕ್ಕುಗಳನ್ನು ಅದು ಎಣಿಸಿದೆ. ಈ ಶಾಸನದಂತೆ ಕೊಳ್ಳುವವರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರುಕೊಡಬಹುದು. ಸರಕಿಗೆ ಕೊಟ್ಟ ಹಣವು ಐದು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ಅನ್ಯಾಯವಾದ ಎರಡು ವರ್ಷಗಳೊಳಗೆ ದೂರನ್ನು ಸಲ್ಲಿಸಬೇಕು. ೧೯೧೫ ಎಂಬ ದೂರವಾಣಿ ಸಂಖ್ಯೆಯಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಲಹೆಯು ದೊರೆಯುವುದು. ಆದರೆ ಈ ಎಲ್ಲ ಹಕ್ಕುಗಳಿಗೂ ಒಂದು ಚಿಕ್ಕ ಬೀಗದ ಕೈಯುಂಟು, ಅದೇ ರಸೀದಿ. ರಸೀದಿಯನ್ನು ಕೇಳಿ ಪಡೆಯುವುದಕ್ಕೆ ನಾಚಬಾರದು. ಅದು ಅಂಗಡಿಯವರ ಮೇಲಿನ ಅಪನಂಬಿಕೆಯ ಗುರುತಲ್ಲ.

ಅಂಗಡಿಯವರನ್ನು ಕುರಿತು ಒಂದು ಮಾತು ಹೇಳದಿದ್ದರೆ ಈ ಲೇಖನವು ಪಕ್ಷಪಾತದ್ದಾಗುವುದು. ಮೂಲೆಯ ದಿನಸಿ ಅಂಗಡಿಯವನು ಬೆಲೆಯನ್ನು ಗೊತ್ತುಮಾಡುವವನಲ್ಲ; ಮೇಲಿನಿಂದ ಬಂದುದನ್ನು ಮಾರುವವನು. ಕೂಲಿ ಸಿಕ್ಕದ ದಿನ ಉದ್ದರಿಯಾಗಿ ಅಕ್ಕಿಕೊಡುವವನೂ ಅವನೇ. ಮೊಬೈಲಿನ ಅಂಗಡಿಯು ಒಂದು ರೂಪಾಯಿಯನ್ನು ಉಳಿಸಿಕೊಡಬಹುದು. ಕಷ್ಟದ ದಿನ ಮುಖನೋಡಿ ನಂಬುವುದು ಅದಕ್ಕೆ ಬಾರದು. ಇದೂ ಮೂರನೆಯ ಲೆಕ್ಕಕ್ಕೇ ಸೇರಿದ ಸಂಗತಿ.

೬. ಮನೆಯಲ್ಲಿ ಮಾಡಬಹುದಾದ ಪಾಠ

ಈ ಅಭ್ಯಾಸವನ್ನು ಮಾಡುವುದಕ್ಕೆ ದೊಡ್ಡ ಪಾಂಡಿತ್ಯವು ಬೇಡ. ಒಂದು ತಿಂಗಳ ಮಟ್ಟಿಗೆ ಒಂದು ನೋಟುಪುಸ್ತಕವನ್ನಿಟ್ಟು, ಮನೆಗೆ ಬಂದ ಪ್ರತಿಯೊಂದು ವಸ್ತುವಿನ ಮುಂದೆ ನಾಲ್ಕು ಅಂಕಣಗಳನ್ನು ತುಂಬಿದರೆ ಸಾಕು. ಒಂದನೆಯ ಅಂಕಣದಲ್ಲಿ ಅದರ ತೂಕವೂ ಬೆಲೆಯೂ ಏಕಮಾನ ಬೆಲೆಯೂ. ಎರಡನೆಯದರಲ್ಲಿ, ಇದನ್ನು ಕೊಳ್ಳಬೇಕೆಂದು ನಮಗೆ ತೋರಿದುದು ಎಂದು, ಯಾರಿಂದ, ಏನನ್ನು ನೋಡಿ ಎಂಬುದು. ಮೂರನೆಯದರಲ್ಲಿ ಅದನ್ನು ಎಲ್ಲಿ ಯಾರು ಮಾಡಿದರೆಂದು ತಿಳಿದಷ್ಟು. ನಾಲ್ಕನೆಯದರಲ್ಲಿ ಬಳಸಿದ ಮೇಲೆ ಉಳಿಯುವುದು ಏನು, ಅದು ಎಲ್ಲಿಗೆ ಹೋಗುತ್ತದೆ ಎಂಬುದು. ಅವಶ್ಯವಲ್ಲದ ವಸ್ತುವಾದರೆ ಬಯಕೆ ಹುಟ್ಟಿದ ದಿನಕ್ಕೂ ಕೊಳ್ಳುವ ದಿನಕ್ಕೂ ನಡುವೆ ಒಂದು ವಾರವನ್ನು ಬಿಡುವುದು ಒಳ್ಳೆಯದು. ಅವಶ್ಯವಾದುದು ಒಂದು ವಾರದ ಮೇಲೂ ಅವಶ್ಯವಾಗಿಯೇ ಇರುವುದು, ಬರಿಯ ಬಯಕೆಯು ಹಲವುವೇಳೆ ಅಷ್ಟರಲ್ಲಿ ಮರೆತುಹೋಗುವುದು.

ಈ ಪುಸ್ತಕವನ್ನು ತಾಯಿಯೊಬ್ಬಳೇ ಬರೆಯಬಾರದು. ಮಕ್ಕಳೂ ತಂದೆಯೂ ಸೇರಿ ಬರೆಯಬೇಕು. ಮಗಳಿಗೆ ಬೇಡವೆಂದು ಹೇಳುವುದಕ್ಕಿಂತ ಅವಳ ಕೈಗೆ ಲೆಕ್ಕವನ್ನು ಕೊಡುವುದು ಮೇಲು. ಲೆಕ್ಕ ತಿಳಿದವಳನ್ನು ಅಂಗಡಿಯಾಗಲಿ ಜಾಹೀರಾತಾಗಲಿ ಮದುವೆಯ ಮಾತುಕತೆಯಾಗಲಿ ಸುಲಭವಾಗಿ ಅಳೆದು ಬೆಲೆಕಟ್ಟಲಾರದು. ವಸ್ತುಗಳಿಗೆ ಬೆಲೆಯುಂಟು, ಮನುಷ್ಯರಿಗೆ ಇರುವುದು ಬೆಲೆಯಲ್ಲ, ಗೌರವ. ಇವೆರಡನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆಯಲು ಕಲಿತರೆ ನಮ್ಮ ಅಭ್ಯಾಸವು ಸಾರ್ಥಕವಾಯಿತೆಂದು ತಿಳಿಯುವೆವು. ನಮ್ಮ ನೋಟುಪುಸ್ತಕಗಳಲ್ಲಿ ಖಾಲಿ ಪುಟಗಳು ಇನ್ನೂ ಬಹಳ ಉಳಿದಿವೆ. ಮುಂದಿನ ವರ್ಷದ ತಂಗಿಯರು ಅವುಗಳನ್ನು ತುಂಬಲೆಂದೂ, ತಮ್ಮ ತಮ್ಮ ಊರುಗಳಲ್ಲಿ ಸಂಸಾರ ನಡೆಸುತ್ತಿರುವ ಅಕ್ಕಂದಿರು ತಮ್ಮ ಮನೆಗಳ ಲೆಕ್ಕದಿಂದ ಕಂಡುಕೊಂಡುದನ್ನು ಅವರಿಗೆ ತಿಳಿಸಲೆಂದೂ ವಿನಯಪೂರ್ವಕವಾಗಿ ಅರಿಕೆಮಾಡಿಕೊಳ್ಳುತ್ತೇವೆ.